ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುತ್ತಿಲ್ಲ

"ಫ್ಯಾನ್ ತಿರುಗ್ತೈತೆ, ಲೈಟೂ ಬರ್ತೈತೆ, ಡಿಸ್‌ಪ್ಲೇ ಒಂದೇ ಬರ್ತಿಲ್ಲ ಕಣಣ್ಣ." ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಂಪ್ಯೂಟರ್ ರಿಪೇರಿಯವರಿಗೆ ಈ ಮಾತು ಕೇಳಿ ಕೇಳಿ ಬಾಯಿಪಾಠವಾಗಿದೆ. ಅದರ ಹಿಂದೆಯೇ "ನಿನ್ನೆ ತಾನೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ್ವಿ" ಎಂಬ ಇನ್ನೊಂದು ಮಾತು ಸೇರಿಕೊಂಡರೆ ತೀರ್ಪು ಅಲ್ಲೇ ಆಗಿಬಿಡುತ್ತದೆ: ಕಾರ್ಡ್ ಕೆಟ್ಟದ್ದು, ವಾಪಸ್ ಕಳಿಸಬೇಕು. ಇಂಥ ತೀರ್ಪಿಗೆ ನಮ್ಮಲ್ಲಿ ಹಳೆಯ ಹೆಸರೊಂದಿದೆ, ಕಾಲ್ಗುಣ. ಸೊಸೆ ಹೊಸಿಲು ದಾಟಿದ ವಾರದಲ್ಲೇ ಎಮ್ಮೆ ಹಾಲು ಬತ್ತಿಸಿಕೊಂಡರೆ ಅದು ಸೊಸೆಯ ಕಾಲ್ಗುಣ. ಎಮ್ಮೆ ಕರು ಹಾಕಿ ಎಷ್ಟು ತಿಂಗಳಾಯಿತು, ಹಿಂಡಿ ಹಾಕಿದ್ದರೇ, ಹಸಿಮೇವು ಇತ್ತೇ ಎಂದು ಯಾರೂ ಕೇಳುವುದಿಲ್ಲ. ಎರಡು ಸಂಗತಿ ಒಂದರ ಬೆನ್ನಿಗೆ ಒಂದು ನಡೆದವು ಎಂಬುದಷ್ಟೇ ಅಲ್ಲಿರುವ ಸಾಕ್ಷಿ. ಆ ಸಾಕ್ಷಿಯಿಂದ ಎಷ್ಟು ಹೆಣ್ಣುಮಕ್ಕಳು ನೊಂದರೆಂಬುದು ನಮಗೆಲ್ಲ ಗೊತ್ತು. ಯಂತ್ರಕ್ಕೆ ನೋವಾಗುವುದಿಲ್ಲ, ನಿಜ. ಆದರೆ ಅದೇ ತಪ್ಪು ತರ್ಕದಿಂದ ಈ ನಾಲ್ಕು ಊರುಗಳಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ವ್ಯರ್ಥವಾಗಿರುವ ಹಣ, ದಿನ, ನಿದ್ದೆ ಸಣ್ಣದಲ್ಲ. ಹೊಸ ಕಾರ್ಡ್ ಹಾಕಿದ ಮೇಲೆ ಕಂಪ್ಯೂಟರ್ ಏಳಲಿಲ್ಲವೆಂದರೆ ಬಹುಪಾಲು ಅದು ಕಾರ್ಡಿನ ದೋಷವಲ್ಲ. ಅಲ್ಲಿಯವರೆಗೆ ಹೇಗೋ ನಡೆದುಕೊಂಡು ಬಂದಿದ್ದ ಹಳೆಯ ಕೊರತೆಯೊಂದನ್ನು ಅದು ಬಯಲಿಗೆ ತಂದಿರುತ್ತದೆ. ಹಾಗಾಗಿ ವಿಚಾರಣೆ ಶುರುವಾಗಬೇಕಾದದ್ದು ಹಳೆಯದರಿಂದ ಎಂಬುದು ನನ್ನ ವಾದ.

ಗ್ರಾಫಿಕ್ಸ್ ಕಾರ್ಡ್ ಎಂಬ ವಸ್ತು ಈ ಊರುಗಳಿಗೆ ತಡವಾಗಿ ಬಂತು. 2000ದ ಆಸುಪಾಸಿನಲ್ಲಿ ಇಲ್ಲಿದ್ದ ಕಂಪ್ಯೂಟರುಗಳ ಕೆಲಸಕ್ಕೆ ಅದು ಬೇಕಿರಲಿಲ್ಲ. ಭೂಮಿ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳಲ್ಲಿ ಪಹಣಿ ಗಣಕಕ್ಕೇರುತ್ತಿದ್ದ ಕಾಲ ಅದು. ಡಿಟಿಪಿ ಅಂಗಡಿಗಳಲ್ಲಿ 'ಬರಹ'ವೋ 'ನುಡಿ'ಯೋ ತೆರೆದುಕೊಂಡು ಲಗ್ನಪತ್ರಿಕೆ, ಕರಪತ್ರ ಟೈಪ್ ಮಾಡುತ್ತಿದ್ದರು. ಚಿತ್ರದುರ್ಗದ ಪಕ್ಕದ ಸಿರಿಗೆರೆಯಲ್ಲಿ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರು ಪಾಣಿನಿಯ ವ್ಯಾಕರಣ ಸೂತ್ರಗಳನ್ನು 'ಗಣಕಾಷ್ಟಾಧ್ಯಾಯಿ' ಎಂಬ ತಂತ್ರಾಂಶಕ್ಕೆ ಇಳಿಸಿದ್ದರು. ಅಷ್ಟು ಘನವಾದ ಕೆಲಸಕ್ಕೂ ಬೇಕಾಗುವುದು ಅಕ್ಷರ ತೋರಿಸುವ ಪರದೆ ಮಾತ್ರ. ಆಗಿನ ಅಗ್ಗದ ಅಸೆಂಬಲ್ಡ್ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಬರುತ್ತಿದ್ದ ಇಂಟೆಲ್ 810 ಚಿಪ್‌ಸೆಟ್ಟಿನ ಮದರ್‌ಬೋರ್ಡಿಗೆ ಗ್ರಾಫಿಕ್ಸ್ ಕಾರ್ಡ್ ಕೂರಿಸುವ ಎಜಿಪಿ ಸ್ಲಾಟೇ ಇರಲಿಲ್ಲ, ಡಿಸ್‌ಪ್ಲೇ ಬೋರ್ಡಿನಲ್ಲೇ ಸೇರಿರುತ್ತಿತ್ತು. ಕಾರ್ಡಿನ ಅಗತ್ಯ ಹುಟ್ಟಿದ್ದು ಮದುವೆ ಮನೆಯಿಂದ. ಕ್ಯಾಸೆಟ್ಟು ಹೋಗಿ ಸಿಡಿ, ಸಿಡಿ ಹೋಗಿ ಎಚ್‌ಡಿ ವಿಡಿಯೊ ಬಂದಂತೆಲ್ಲ ಫೋಟೊ ಸ್ಟುಡಿಯೋಗಳ ವಿಡಿಯೊ ಮಿಕ್ಸಿಂಗ್ ಕೆಲಸ ಹಳೆಯ ಕಂಪ್ಯೂಟರಿಗೆ ಎಳೆಯಲಾರದಷ್ಟು ಭಾರವಾಯಿತು. ಜೊತೆಗೆ ಕಾಲೇಜು ಹುಡುಗರ ಗೇಮುಗಳು. ಅಂದರೆ ಕಾರ್ಡ್ ಬಂದದ್ದು ಹೊಸ ಕಂಪ್ಯೂಟರಿನ ಒಳಗೆ ಕೂತುಕೊಂಡಲ್ಲ, ಮೂರೋ ಐದೋ ವರ್ಷ ದುಡಿದ ಯಂತ್ರಕ್ಕೆ ಮೇಲಿನಿಂದ ಸೇರಿದ್ದು. ಇಡೀ ಸಮಸ್ಯೆಯ ಬೇರು ಇಲ್ಲಿದೆ.

ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಂಥ ಯಂತ್ರ ಎದುರಿಗೆ ಬಂದರೆ ಯೋಚನೆ ಮಾಡುವ ಅಗತ್ಯವೇ ಇಲ್ಲ. ಪಕ್ಕದ ಕಪಾಟಿನಿಂದ ಇನ್ನೊಂದು ಕಾರ್ಡ್ ತೆಗೆದು ಹಾಕು, ವಿದ್ಯುತ್ ಒದಗಿಸುವ ಇನ್ನೊಂದು ಎಸ್‌ಎಂಪಿಎಸ್ ಪೆಟ್ಟಿಗೆ ಹಾಕು, ಹತ್ತು ನಿಮಿಷದಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ಹಿರಿಯೂರು ಆ ರಸ್ತೆಯಿಂದ ಸುಮಾರು 160 ಕಿಲೋಮೀಟರ್, ಚಿತ್ರದುರ್ಗ 200. ಕೊರಿಯರ್‌ನಲ್ಲಿ ಮನೆ ಬಾಗಿಲಿಗೆ ಬಿಡಿಭಾಗ ಬರುವ ಮೊದಲಿನ ವರ್ಷಗಳಲ್ಲಿ ರಾತ್ರಿ ಬಸ್ಸಿನ ಡ್ರೈವರ್ ಕೈಗೆ ಪಾರ್ಸೆಲ್ ಕೊಟ್ಟು ಕಳಿಸಬೇಕಿತ್ತು, ಅದು ಹೋಗಿ ಬರುವಷ್ಟರಲ್ಲಿ ವಾರ ಕಳೆಯುತ್ತಿತ್ತು. ತಪ್ಪು ಭಾಗವನ್ನು ವಾಪಸ್ ಕಳಿಸಿದರೆ ಅಂಗಡಿಯವನು ಅದನ್ನು ಪರೀಕ್ಷಿಸಿ, "ಕಾರ್ಡ್ ಚೆನ್ನಾಗೈತೆ" ಎಂಬ ಚೀಟಿಯೊಂದಿಗೆ ಮತ್ತೆ ಅದನ್ನೇ ಕಳಿಸುತ್ತಿದ್ದ. ಬಿಡಿಭಾಗ ದೂರವಿದ್ದಷ್ಟೂ ತರ್ಕ ಹತ್ತಿರವಿರಬೇಕು ಎನ್ನುವುದನ್ನು ದೂರವೇ ಕಲಿಸಿತು. ದೊಡ್ಡ ಪೇಟೆಯ ಅದಲು ಬದಲಿನ ವಿಧಾನವನ್ನು ಸಣ್ಣ ಊರಿಗೆ ಹಾಗೇ ತಂದರೆ ನಡೆಯುವುದಿಲ್ಲ. ಇಲ್ಲಿ ಕೈಯಲ್ಲಿರುವುದು ಒಂದೇ ಕಾರ್ಡ್, ಒಂದೇ ಎಸ್‌ಎಂಪಿಎಸ್, ಒಂದು ಸ್ಕ್ರೂಡ್ರೈವರ್, ಹೆಚ್ಚೆಂದರೆ ಒಂದು ಮಲ್ಟಿಮೀಟರ್. ಅಷ್ಟರಲ್ಲೇ ಕಾರಣ ಹುಡುಕಬೇಕಾದರೆ ಯಂತ್ರ ಕೊಡುವ ಒಂದೊಂದು ಸುಳಿವನ್ನೂ ಓದಬೇಕು.

ಸುಳಿವುಗಳಲ್ಲಿ ಮೊದಲನೆಯದು ಯಂತ್ರ ಯಾವ ಹೊತ್ತಿನಲ್ಲಿ ನಿಲ್ಲುತ್ತದೆ ಎಂಬುದು. ಬಟನ್ ಒತ್ತಿದ ಕೂಡಲೇ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತರೆ ಎಲ್ಲೋ ಶಾರ್ಟ್ ಇದೆ, ಇಲ್ಲವೇ ಎಸ್‌ಎಂಪಿಎಸ್ ಹೊರೆ ತಾಳದೆ ತನ್ನನ್ನು ತಾನೇ ಮುಚ್ಚಿಕೊಂಡಿದೆ. ಫ್ಯಾನುಗಳೆಲ್ಲ ಚೆನ್ನಾಗಿ ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ ಕೇಬಲ್, ಸ್ಲಾಟ್, ಯಂತ್ರವನ್ನು ಎಬ್ಬಿಸುವ ಬಯಾಸ್ ತಂತ್ರಾಂಶದ ಕಡೆಗೆ ನೋಡಬೇಕು. ವಿಂಡೋಸ್ ಬಂದು, ಕೆಲಸವೂ ನಡೆದು, ಮದುವೆ ವಿಡಿಯೊ ರೆಂಡರ್ ಹಾಕಿದಾಗಲೇ ಆಫ್ ಆದರೆ ಅದು ವಿದ್ಯುತ್ತಿನದೋ ಬಿಸಿಯದೋ ತಕರಾರು. ಇವು ಮೂರೂ ಬೇರೆ ಬೇರೆ ಕಾಯಿಲೆ. ಆದರೆ ಫೋನಿನಲ್ಲಿ ಮೂರಕ್ಕೂ ಒಂದೇ ಮಾತು: "ಹೊಸ ಕಾರ್ಡ್ ಹಾಕಿದ್ಮೇಲೆ ಆನೇ ಆಗ್ತಿಲ್ಲ." ವೈದ್ಯರು ಜ್ವರ ಬಂದವರನ್ನು ಬೆಳಿಗ್ಗೆ ಬಂತೋ ಸಂಜೆ ಬಂತೋ, ಚಳಿ ಇತ್ತೋ ಎಂದು ಕೇಳುವ ಹಾಗೆ ಇಲ್ಲೂ ಕೇಳಬೇಕಿತ್ತು. ಕೇಳಿದವರು ಕಡಿಮೆ.

ಎರಡನೆಯದು ವಿದ್ಯುತ್ತು, ಮತ್ತು ನಾನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲೇ. ಎಸ್‌ಎಂಪಿಎಸ್ ಸರಿಯಿದೆಯೇ ಎಂದು ನೋಡಲು ನಮ್ಮ ಕಡೆ ಎಲ್ಲರೂ ಮಾಡುವ ಒಂದು ಪರೀಕ್ಷೆ ಇದೆ. ಅದರ ದೊಡ್ಡ ಕನೆಕ್ಟರಿನ ಹಸಿರು ವೈರಿಗೂ ಕಪ್ಪು ವೈರಿಗೂ ಒಂದು ತಂತಿ ತುಂಡು ಸಿಕ್ಕಿಸುವುದು. ಫ್ಯಾನ್ ತಿರುಗಿದರೆ "ಎಸ್‌ಎಂಪಿಎಸ್ ಪಾಸ್". ಈ ಪರೀಕ್ಷೆಯಿಂದ ಗೊತ್ತಾಗುವುದು ಒಂದೇ, ಹೊರೆ ಇಲ್ಲದಾಗ ಅದು ಎದ್ದು ನಿಲ್ಲುತ್ತದೆ ಎಂಬುದು. ಖಾಲಿ ಗಾಡಿಯನ್ನು ಎಳೆದ ಎತ್ತು ಕಬ್ಬು ತುಂಬಿದ ಗಾಡಿಯನ್ನೂ ಎಳೆದೀತು ಎಂದು ಯಾವ ರೈತನೂ ನಂಬುವುದಿಲ್ಲ. ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ನಾವು ನಂಬಿದೆವು. ಮೇಲೆ ಅಂಟಿಸಿದ ಚೀಟಿಯನ್ನು ಇನ್ನೂ ಹೆಚ್ಚು ನಂಬಿದೆವು. ಚೀಟಿಯಲ್ಲಿ 450 ವ್ಯಾಟ್ ಎಂದು ದಪ್ಪ ಅಕ್ಷರ. ಆದರೆ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದದ್ದು 12 ವೋಲ್ಟಿನ ವಿದ್ಯುತ್ತು. ಅದೇ ಚೀಟಿಯ ಸಣ್ಣಕ್ಷರದ ಪಟ್ಟಿಯಲ್ಲಿ 12 ವೋಲ್ಟಿನ ಎದುರು 14 ಆಂಪಿಯರ್ ಎಂದಿದ್ದರೆ ಗುಣಿಸಿ ನೋಡಿ, 168 ವ್ಯಾಟ್. ಉಳಿದದ್ದು 3.3 ಮತ್ತು 5 ವೋಲ್ಟಿನ ಪಾಲು, ಕಾರ್ಡಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. 2021ರಲ್ಲಿ ಬಂದ ಆರ್‌ಟಿಎಕ್ಸ್ 3060 ಒಂದಕ್ಕೇ 170 ವ್ಯಾಟ್ ಬೇಕು, ಪ್ರೊಸೆಸರಿಗೆ ಇನ್ನೊಂದು 65. ಹಿರಿಯೂರಿನವರಿಗೆ ಇದನ್ನು ವಿವರಿಸಲು ಮಾರಿಕಣಿವೆಗಿಂತ ಒಳ್ಳೆಯ ಉದಾಹರಣೆ ಬೇಡ. 1907ರಲ್ಲಿ ಮುಗಿದ ಅಲ್ಲಿನ ಜಲಾಶಯ, ವಾಣಿವಿಲಾಸ ಸಾಗರ, ಸುಮಾರು 30 ಟಿಎಂಸಿ ಹಿಡಿಯಬಲ್ಲದು. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷವೂ ಅದರ ಸಾಮರ್ಥ್ಯ 30 ಟಿಎಂಸಿಯೇ, ಕಾಲುವೆಗೆ ಹರಿದ ನೀರು ಮಾತ್ರ ಒಳಹರಿವು ಎಷ್ಟಿತ್ತೋ ಅಷ್ಟು. ಬೆಳೆ ಬೆಳೆಯುವುದು ಹರಿದ ನೀರಿನಿಂದ.

ಈ ಲೆಕ್ಕವೂ ಹೊಸ ಎಸ್‌ಎಂಪಿಎಸ್‌ನದು. ಐದು ವರ್ಷ ದುಡಿದದ್ದರ ಕತೆ ಇನ್ನೂ ಕೆಳಗೆ. ಅದರೊಳಗಿನ ಕೆಪಾಸಿಟರುಗಳು ಬಿಸಿಗೆ ಒಣಗುತ್ತವೆ, ಹತ್ತು ಡಿಗ್ರಿ ಬಿಸಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ದುರ್ಗದ ಬಂಡೆ ಏಪ್ರಿಲ್‌ನಲ್ಲಿ ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತದೆ. ಶೀಟಿನ ಮಾಡಿನ ಕೆಳಗೆ, ಧೂಳು ತುಂಬಿದ ಕ್ಯಾಬಿನೆಟ್ಟಿನೊಳಗೆ, ಆಲ್ಬಂ ಕೆಲಸಕ್ಕೆ ಹಗಲು ರಾತ್ರಿ ಓಡಿದ ಎಸ್‌ಎಂಪಿಎಸ್ ಕೊಂಡ ದಿನದ ಬಲ ಉಳಿಸಿಕೊಂಡಿರುತ್ತದೆ ಎಂದು ಎಣಿಸುವಂತಿಲ್ಲ. ಹಳೆಯ ಹೊರೆಗೆ ಅದು ಸಾಕಾಗುತ್ತಿತ್ತು, ಆದ್ದರಿಂದ ಅದರ ಮುಪ್ಪು ಯಾರಿಗೂ ಕಾಣಲಿಲ್ಲ. ಹೊಸ ಕಾರ್ಡ್ ಬಂದು ಇನ್ನಷ್ಟು ಕೇಳಿದ ದಿನ ಕಂಡಿತು. ಇದನ್ನು ಕಾರ್ಡಿನ ಕಾಲ್ಗುಣ ಎಂದರೆ ಹೇಗೆ?

ಕ್ಯಾಬಿನೆಟ್ಟಿನ ಹೊರಗೂ ಇದೇ ಕತೆ ಮುಂದುವರಿಯುತ್ತದೆ. ಹೊಸದುರ್ಗದ ಗುಡ್ಡಗಳ ಮೇಲೆ, ಚಿತ್ರದುರ್ಗದ ಜೋಗಿಮಟ್ಟಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ಅಷ್ಟು ವಿದ್ಯುತ್ತು ಹುಟ್ಟುವ ಜಿಲ್ಲೆಯ ಹಳ್ಳಿಗಳಲ್ಲೇ ಅಡಿಕೆ ತೋಟದ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವ ಹೊತ್ತಿಗೆ ಮನೆಯ ಬಲ್ಬು ಮಂಕಾಗುವುದುಂಟು. ವೋಲ್ಟೇಜ್ ಇಳಿದರೆ ಅದೇ ವ್ಯಾಟಿಗೆ ಎಸ್‌ಎಂಪಿಎಸ್ ಹೆಚ್ಚು ಕರೆಂಟ್ ಎಳೆಯಬೇಕು, ಇನ್ನಷ್ಟು ಬಿಸಿಯಾಗಬೇಕು. ಪವರ್ ಕಟ್ಟಿನ ಭಯಕ್ಕೆ ಎಲ್ಲ ಅಂಗಡಿಯಲ್ಲೂ 600 ವಿಎ ಯುಪಿಎಸ್ ಇರುತ್ತಿತ್ತು. 600 ಎಂಬ ಅಂಕಿ ನೋಡಿ ಧೈರ್ಯ ತಾಳುತ್ತಿದ್ದೆವು, ಸಾಮಾನ್ಯವಾಗಿ ಅದು ಕೊಡುವುದು 360 ವ್ಯಾಟ್. ಹೊಸ ಕಾರ್ಡ್, ಪ್ರೊಸೆಸರ್, ಎರಡು ಮಾನಿಟರ್ ಒಟ್ಟಿಗೆ ಕೇಳಿದಾಗ ಅದು ಕೀರಲು ದನಿ ಮಾಡಿ ನಿಲ್ಲುತ್ತದೆ. ನೋಡುವವರಿಗೆ ನಿಂತದ್ದು ಕಂಪ್ಯೂಟರ್. ಪರೀಕ್ಷೆ ಮಾಡುವಾಗ ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ನೋಡುವುದು ಒಂದು ನಿಮಿಷದ, ಖರ್ಚಿಲ್ಲದ ಕೆಲಸ. ಇನ್ನು ಅರ್ತಿಂಗ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದನ್ನು ಇಲ್ಲಿ ಎಷ್ಟೋ ಜನ ಕಂಪ್ಯೂಟರಿನ ಸಹಜ ಗುಣ ಎಂದೇ ತಿಳಿದಿದ್ದರು. ಎಸ್‌ಎಂಪಿಎಸ್ ಒಳಗಿನ ಫಿಲ್ಟರಿನಿಂದ ಸೋರುವ ಅಲ್ಪ ಕರೆಂಟಿಗೆ ನೆಲಕ್ಕಿಳಿಯುವ ದಾರಿ ಇಲ್ಲ ಎಂಬುದರ ಗುರುತು ಅದು. ಕಲ್ಲುನೆಲ, ಕಡಿಮೆ ಮಳೆ. ಇದ್ದಿಲು ಉಪ್ಪು ಹಾಕಿ ಮುಚ್ಚಿದ ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹನಿಸದಿದ್ದರೆ ಅದು ಒಣಗಿ ಕೆಲಸಕ್ಕೆ ಬಾರದಂತಾಗುತ್ತದೆ. ಡಿಸ್‌ಪ್ಲೇ ಬಾರದಿರುವುದಕ್ಕೆ ಇದು ನೇರ ಕಾರಣವಾಗುವುದು ಅಪರೂಪ ಎಂಬುದನ್ನು ಒಪ್ಪುತ್ತೇನೆ. ಆದರೆ ಅಂಥ ಕ್ಯಾಬಿನೆಟ್ಟಿನ ಕಾರ್ಡಿಗೆ ಆನ್ ಇದ್ದಾಗಲೇ ಟಿವಿಯ ಕೇಬಲ್ ಚುಚ್ಚಿ ಪೋರ್ಟ್ ಸುಟ್ಟುಕೊಳ್ಳುವ ಅಪಾಯ ನಿಜ.

ಕೂಡಿಸುವ ಕೆಲಸದ ತಪ್ಪುಗಳನ್ನು ಬೇಗ ಹೇಳಿ ಮುಗಿಸಬಹುದು. ಅವು ಹೆಚ್ಚು ಸಾಮಾನ್ಯ, ಸರಿಪಡಿಸುವುದು ಸುಲಭ. ಮಾನಿಟರಿನ ಕೇಬಲ್ ಹಳೆಯ ಅಭ್ಯಾಸದಂತೆ ಮದರ್‌ಬೋರ್ಡಿನ ಪೋರ್ಟಿನಲ್ಲೇ ಉಳಿದಿರುತ್ತದೆ, ಹೊಸ ಕಾರ್ಡ್ ಚಿತ್ರ ಕಳಿಸುತ್ತಿರುವುದು ಬೇರೆ ಬಾಗಿಲಿನಿಂದ. ಕಾರ್ಡ್ ಸ್ಲಾಟಿನಲ್ಲಿ ಪೂರ್ತಿ ಇಳಿದು ಕೊನೆಯ ಕೊಂಡಿ 'ಟಕ್' ಎಂದಿರುವುದಿಲ್ಲ. ಅಗ್ಗದ ಕ್ಯಾಬಿನೆಟ್ಟಿನ ತೆಳು ತಗಡು ಸ್ವಲ್ಪ ಸೊಟ್ಟಗಿದ್ದರೆ ಹಿಂದಿನ ಸ್ಕ್ರೂ ಬಿಗಿಯುತ್ತಿದ್ದಂತೆ ಕಾರ್ಡಿನ ಇನ್ನೊಂದು ತುದಿ ಮೇಲಕ್ಕೇಳುತ್ತದೆ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಆರು ಪಿನ್ನಿನ ಕೇಬಲ್ 75, ಎಂಟು ಪಿನ್ನಿನದು 150 ವ್ಯಾಟ್ ತಂದುಕೊಡುತ್ತದೆ. ಆ ಕೇಬಲ್ ಚುಚ್ಚುವುದನ್ನು ಮರೆತರೆ ಕಾರ್ಡ್ ಏಳುವುದಿಲ್ಲ. ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಪ್ರೊಸೆಸರಿಗೆ ಹೋಗುವ ಎಂಟು ಪಿನ್ನಿನ ಕೇಬಲ್ ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತದೆ, ಒಳಗಿನ ಪ್ಲಸ್ ಮೈನಸ್ ತಿರುಗುಮುರುಗು. ಬಲವಂತವಾಗಿ ತುರುಕಿದರೆ ಆರೋಗ್ಯವಾಗಿದ್ದ ಕಾರ್ಡ್ ಆಗ ನಿಜವಾಗಿಯೂ ಸಾಯುತ್ತದೆ, ಮತ್ತು "ಮೊದಲೇ ಹೇಳಿರಲಿಲ್ವಾ, ಕಾರ್ಡೇ ಕೆಟ್ಟಿದ್ದು" ಎಂಬ ಮಾತು ಸತ್ಯದಂತೆ ಕೇಳುತ್ತದೆ.

ಬಯಾಸ್ ಎಂಬುದು ಕಣ್ಣಿಗೆ ಕಾಣದ ಒಪ್ಪಂದ. ಎಜಿಪಿ ಕಾಲದಲ್ಲಿ 'ಮೊದಲು ಯಾವ ಡಿಸ್‌ಪ್ಲೇ' ಎಂದು ಕೇಳುವ ಒಂದು ಸಾಲು ಅದರಲ್ಲಿ ಇರುತ್ತಿತ್ತು. ಕಾರ್ಡ್ ತೆಗೆದು, ಹಳೆಯ ಡಿಸ್‌ಪ್ಲೇಯಲ್ಲೇ ಎಬ್ಬಿಸಿ, ಆ ಸಾಲು ಬದಲಿಸಿ, ಆಮೇಲೆ ಕಾರ್ಡ್ ಹಾಕಿದರೆ ಯಂತ್ರ ಏನೂ ಆಗಿಲ್ಲವೆಂಬಂತೆ ಏಳುತ್ತಿತ್ತು. ಇದು ಗೊತ್ತಿದ್ದವರನ್ನು ಊರಿನಲ್ಲಿ ದೊಡ್ಡ ಎಂಜಿನಿಯರ್ ಎಂದೇ ಕಾಣುತ್ತಿದ್ದರು. ಮುಂದೆ 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಹೊಸ ಯಂತ್ರಗಳು ಯುಇಎಫ್‌ಐ ಎಂಬ ಬೇರೆ ಭಾಷೆಗೆ ಹೊರಳಿದವು. ಅದಕ್ಕೂ ಹಿಂದಿನ ಕಾರ್ಡುಗಳಲ್ಲಿ ಎಷ್ಟೋ ಆ ಭಾಷೆ ಅರಿಯವು, ಹಳೆಯ ಬೋರ್ಡುಗಳಲ್ಲಿ ಕೆಲವು ಹೊಸ ಕಾರ್ಡನ್ನು ಗುರುತಿಸವು. ಎರಡೂ ಆರೋಗ್ಯವಾಗಿವೆ, ಒಂದರ ಮಾತು ಇನ್ನೊಂದಕ್ಕೆ ತಿಳಿಯದೆ ಪರದೆ ಕಪ್ಪಾಗಿದೆ. ಇಂಥ ಹೊತ್ತಿನಲ್ಲಿ ಹಳೆಯ ಬೋರ್ಡುಗಳು ಬಾಯಿಬಿಟ್ಟು ಹೇಳುತ್ತಿದ್ದವು: ಅವಾರ್ಡ್ ಬಯಾಸಿನಲ್ಲಿ ಒಂದು ಉದ್ದ ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ತೊಂದರೆ, ಎಎಂಐನಲ್ಲಿ ಎಂಟು ಗಿಡ್ಡ ಬೀಪ್. ಆಮೇಲಿನ ಕ್ಯಾಬಿನೆಟ್ಟುಗಳಲ್ಲಿ ಆ ಪುಟ್ಟ ಸ್ಪೀಕರನ್ನೇ ಕೈಬಿಟ್ಟರು. ನಾಲ್ಕು ಕಾಸಿನ ಆ ಬಿಡಿಭಾಗ ಹೋದದ್ದು ಸಣ್ಣ ಊರುಗಳಿಗೆ ದೊಡ್ಡ ನಷ್ಟ ಎಂದು ನನಗೆ ಈಗಲೂ ಅನಿಸುತ್ತದೆ. ಇತ್ತೀಚಿನ ಬೋರ್ಡುಗಳಲ್ಲಿ ಅದರ ಬದಲು ಸಣ್ಣ ದೀಪಗಳಿವೆ, ಕ್ಯಾಬಿನೆಟ್ ಬಿಚ್ಚಿ ಕಣ್ಣಿಟ್ಟು ನೋಡಿದವರಿಗೆ ಅವು ಹೇಳುತ್ತವೆ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ನೇರವಾದದ್ದು: ಹೊಸ ಕಾರ್ಡ್ ಕೆಟ್ಟಿರಲಾರದೇ? ಇರಬಹುದು. ಕಾರ್ಖಾನೆಯಿಂದಲೇ ದೋಷ ಹೊತ್ತು ಬಂದದ್ದುಂಟು, ದಾರಿಯಲ್ಲಿ ಪೆಟ್ಟು ತಿಂದದ್ದುಂಟು. ಸೆಕೆಂಡ್ ಹ್ಯಾಂಡ್ ಕಾರ್ಡಿನ ವಿಷಯದಲ್ಲಂತೂ ಈ ಅನುಮಾನ ಇನ್ನೂ ಗಟ್ಟಿ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ತನ್ನ ವಿಧಾನ ಬದಲಿಸಿ ಕಾರ್ಡುಗಳಿಂದ ಮೈನಿಂಗ್ ಮಾಡುವುದು ನಿಂತಾಗ, ತಿಂಗಳುಗಟ್ಟಲೆ ಬಿಡುವಿಲ್ಲದೆ ದುಡಿದ ಕಾರ್ಡುಗಳು ರಾಶಿ ರಾಶಿ ಹಳೇ ಪೇಟೆಗೆ ಬಂದವು, ಅವುಗಳಲ್ಲಿ ಕೆಲವು ನಮ್ಮ ಸ್ಟುಡಿಯೋಗಳಿಗೂ ಬಂದಿರುವುದು ಸಹಜ. ಆದರೂ ಕಾರ್ಡ್ ಕೆಟ್ಟಿದೆ ಎಂಬ ತೀರ್ಮಾನ ಕೊನೆಯದಾಗಿರಬೇಕು, ಏಕೆಂದರೆ ಅದನ್ನು ಸಾಬೀತು ಮಾಡುವುದಕ್ಕೇ ಅತಿ ಹೆಚ್ಚು ಖರ್ಚು. ಕೇಬಲ್ ಬದಲಿಸಿ ನೋಡಲು ಒಂದು ನಿಮಿಷ, ಬಯಾಸ್ ಬ್ಯಾಟರಿ ತೆಗೆದು ಹಾಕಲು ಐದು ನಿಮಿಷ, ಚೀಟಿ ಓದಿ ಗುಣಿಸಲು ಅಷ್ಟೂ ಬೇಡ. ಕಾರ್ಡ್ ಕಳಿಸಿ ತರಿಸಲು ಒಂದು ವಾರ. ದೋಷ ಯಾವ ಕಡೆಯೇ ಇರಲಿ, ಅಗ್ಗದ ಪ್ರಶ್ನೆಗಳನ್ನು ಮೊದಲು ಕೇಳಿದವನಿಗೆ ನಷ್ಟವಿಲ್ಲ. ಮೊದಲ ಪ್ರಶ್ನೆಯಂತೂ ಎಲ್ಲರ ಕೈಯಲ್ಲಿದೆ: ಕಾರ್ಡ್ ತೆಗೆದು, ನಿನ್ನೆ ಇದ್ದ ಹಾಗೆಯೇ ಜೋಡಿಸಿದರೆ ಏಳುತ್ತದೆಯೇ? ಎದ್ದರೆ ಹುಡುಕಬೇಕಾದ ಜಾಗ ಅರ್ಧಕ್ಕೂ ಕಿರಿದಾಯಿತು. ಏಳದಿದ್ದರೆ ಕಾರ್ಡಿಗೂ ಈ ತೊಂದರೆಗೂ ಸಂಬಂಧವೇ ಇಲ್ಲದಿರಬಹುದು. ಕೈಯಾಡಿಸುವಾಗ ರ‍್ಯಾಮ್ ಸಡಿಲವಾಗಿರುತ್ತದೆ, ಅದನ್ನು ತೆಗೆದು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ ಮುಗಿಯಿತು. ಬೋರ್ಡಿನಲ್ಲಿ ಡಿಸ್‌ಪ್ಲೇ ಪೋರ್ಟ್ ಇದ್ದರೂ ಇಂಟೆಲ್‌ನ 'ಎಫ್' ಅಕ್ಷರದ ಪ್ರೊಸೆಸರುಗಳಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಅಲ್ಲಿ ಈ ಪರೀಕ್ಷೆಗೆ ಹಳೆಯದೊಂದು ಸಣ್ಣ ಕಾರ್ಡ್ ಬೇಕೇ ಬೇಕು.

ಎರಡನೆಯ ಆಕ್ಷೇಪ ರಿಪೇರಿಯವರದೇ, ಮತ್ತು ಅದರಲ್ಲಿ ನ್ಯಾಯವಿದೆ. ಲಗ್ನದ ತಿಂಗಳು, ಬೆಳಿಗ್ಗೆ ಆಲ್ಬಂ ಕೊಡಬೇಕು, ಗಿರಾಕಿ ಎದುರಿಗೆ ನಿಂತಿದ್ದಾನೆ. ಹೀಗೆ ಒಂದೊಂದಾಗಿ ನೋಡುತ್ತ ಕೂರಲು ಪುರಸೊತ್ತೆಲ್ಲಿ? ದೊಡ್ಡ ಎಸ್‌ಎಂಪಿಎಸ್ ಒಂದನ್ನು ಹಾಕಿ ಕಳಿಸುವುದೇ ಜಾಣತನವಲ್ಲವೇ? ಅವಸರದಲ್ಲಿ ಮೂರು ಭಾಗಗಳನ್ನು ಒಟ್ಟಿಗೆ ಬದಲಿಸಿದಾಗ ಯಂತ್ರ ಏಳುವುದೂ ಉಂಟು. ಆದರೆ ಯಾವುದರಿಂದ ಎದ್ದಿತು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ, ಚೆನ್ನಾಗಿದ್ದ ಎರಡು ಭಾಗ ಕೆಟ್ಟವೆಂಬ ಹೆಸರು ಹೊತ್ತು ಮೂಲೆ ಸೇರುತ್ತವೆ, ಅವುಗಳ ಬೆಲೆಯನ್ನು ಗಿರಾಕಿ ತೆರುತ್ತಾನೆ. ಒಳ್ಳೆಯ ದೊಡ್ಡ ಎಸ್‌ಎಂಪಿಎಸ್ ಕೂಡ ಸರ್ವರೋಗಕ್ಕೆ ಮದ್ದಲ್ಲ. ಅವುಗಳಲ್ಲಿ ಬಹಳಷ್ಟು ಆಕ್ಟಿವ್ ಪಿಎಫ್‌ಸಿ ಎಂಬ ಏರ್ಪಾಡಿನವು, ಅಗ್ಗದ ಯುಪಿಎಸ್ ಕೊಡುವ ಒರಟು ಅಲೆಯನ್ನು ಕೆಲವು ಸಹಿಸುವುದಿಲ್ಲ. ಕರೆಂಟ್ ಹೋದ ಕ್ಷಣಕ್ಕೆ ಯಂತ್ರ ಆಫ್ ಆಗುತ್ತದೆ, ಬಲಿಷ್ಠವಾದದ್ದನ್ನು ಹಾಕಿಸಿಕೊಂಡ ಮೇಲೆ ಹೊಸ ದೂರು ಶುರುವಾಗುತ್ತದೆ, ಮತ್ತೆ ಕಾಲ್ಗುಣದ ಮಾತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು ನಿಧಾನದ ದಾರಿಯಂತೆ ಕಾಣುತ್ತದೆ. ಇಡೀ ವಾರದ ಲೆಕ್ಕ ಹಾಕಿದರೆ ಬೇಗ ಮುಟ್ಟಿಸುವ ದಾರಿ ಅದೇ.

ಸ್ಟುಡಿಯೋಗಳು ಲ್ಯಾಪ್‌ಟಾಪಿಗೆ ಹೊರಳುತ್ತಿವೆ, ಮೊಬೈಲಿನಲ್ಲೇ ವಿಡಿಯೊ ಕತ್ತರಿಸುವ ಹುಡುಗರಿದ್ದಾರೆ, ಇನ್ನು ಈ ಮಾತೆಲ್ಲ ಯಾರಿಗೆ ಬೇಕು ಎನ್ನುವವರಿದ್ದಾರೆ. ಡೆಸ್ಕ್‌ಟಾಪ್ ಇನ್ನೂ ಹೋಗಿಲ್ಲ. ಫ್ಲೆಕ್ಸ್ ಅಂಗಡಿ, ಸ್ಟುಡಿಯೋ, ಮನೆಯ ಗೇಮಿಂಗ್ ಕಂಪ್ಯೂಟರಿಗೆ ಕಾರ್ಡ್ ಈಗಲೂ ಹೊಸದಾಗಿ ಸೇರುತ್ತಲೇ ಇದೆ, ಅದು ಬೇಡುವ ವಿದ್ಯುತ್ತು ಕಡಿಮೆಯಾಗಿಲ್ಲ: 2017ರ ಜಿಟಿ 1030 ಕೇಳುತ್ತಿದ್ದದ್ದು 30 ವ್ಯಾಟ್, 2022ರ ಆರ್‌ಟಿಎಕ್ಸ್ 4090 ಕೇಳುವುದು 450. ಈ ನಾಲ್ಕು ಊರುಗಳಲ್ಲಿ ಇಷ್ಟು ವರ್ಷ ಸ್ಕ್ರೂಡ್ರೈವರ್ ಹಿಡಿದು ಕೂತವರ ತಿಳಿವಳಿಕೆ ಅವರವರ ಕೈಯಲ್ಲೇ ಉಳಿದಿದೆ, ಕನ್ನಡದಲ್ಲಿ ಅದನ್ನು ಬರೆದಿಟ್ಟದ್ದು ತೀರಾ ಕಡಿಮೆ ಎಂಬುದು ನನ್ನನ್ನು ಕಾಡುತ್ತದೆ. ಪುಸ್ತಕವೇ ಆಗಬೇಕೆಂದಿಲ್ಲ. ಕ್ಯಾಬಿನೆಟ್ಟಿನ ಪಕ್ಕದ ತಗಡಿನ ಒಳಮೈಗೆ ಒಂದು ಚೀಟಿ ಅಂಟಿಸಿ, ಎಸ್‌ಎಂಪಿಎಸ್ ಕೊಂಡ ತಿಂಗಳು, 12 ವೋಲ್ಟಿನ ಎದುರಿನ ಆಂಪಿಯರ್, ಯುಪಿಎಸ್‌ನ ನಿಜವಾದ ವ್ಯಾಟ್, ಕೊನೆಯ ಸಲ ಏನನ್ನು ಬದಲಿಸಿದ್ದು ಎಂಬ ನಾಲ್ಕು ಸಾಲು ಬರೆದಿದ್ದರೆ ಸಾಕು. ಮುಂದಿನ ಲಗ್ನದ ಸೀಸನ್ನಿನಲ್ಲಿ ಹೊಸ ಕಾರ್ಡ್ ಕೈಯಲ್ಲಿ ಹಿಡಿದು ಆ ತಗಡು ಬಿಚ್ಚುವ ಹುಡುಗ ಸ್ಲಾಟ್ ನೋಡುವ ಮೊದಲು ಆ ಚೀಟಿಯನ್ನು ಓದುತ್ತಾನೆ.